ಗೋಡೆ ಮೆತ್ತಿದವರು ಯಾರು?

(ಮಿಶನರಿಗಳು ಪರದೇಶದಲ್ಲಿ ಕಟ್ಟಿದ ಮನೆಗಳ ಬಗ್ಗೆ ಆಡಿದ ಮಾತಿನ ಬರಹ ರೂಪ ಇದು. ಆಡುವಾಗ ಹಿಂದುಮುಂದಾದ ಕೆಲವನ್ನು ಸರಿಮಾಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1888ರ ಆಗಸ್ಟ್ ತಿಂಗಳು. ಈಗಿನ ನೈಜೀರಿಯಾದ ಆಗ್ನೇಯ ಮೂಲೆಯಲ್ಲಿ ಕಲಾಬಾರ್ ಅಂತ ಊರಿದೆ. ಅಲ್ಲಿಂದ ನದಿಯಲ್ಲಿ ದೋಣಿ ಹತ್ತಿ ಬಂದ ಒಂದು ಸಂಸಾರ ದಂಡೆಗೆ ಇಳಿದಿದೆ. ಜಡಿಮಳೆ. ಇನ್ನು ಕಾಡಿನೊಳಗೆ 4 ಮೈಲಿ ನಡೆಯಬೇಕು. ಎಲ್ಲರಿಗಿಂತ ಮುಂದೆ 11 ವರ್ಷದ ಹುಡುಗ. ಅವನ ತಲೆ ಮೇಲೆ ಟೀ, ಸಕ್ಕರೆ, ಬ್ರೆಡ್ ತುಂಬಿದ ಪೆಟ್ಟಿಗೆ. ಅವನ ಹಿಂದೆ 8 ವರ್ಷದವನು. ಅವನ ಹಿಂದೆ 3 ವರ್ಷದ ಪೋರ, ಒಂದೇ ಸಮ ಅಳ್ತಾ ಇದ್ದಾನೆ. ಆಮೇಲೆ ಜೇನಿ, 5 ವರ್ಷದವಳು. ಕೊನೆಯಲ್ಲಿ ಹೆಗಲ ಮೇಲೆ ಕೂಸು ಹೊತ್ತ, ಕೆಂಗೂದಲಿನ ಒಬ್ಬ ಬಿಳಿ ಹೆಂಗಸು. ಮಕ್ಕಳ ಅಳು ಮರೆಸೋಕೆ ಹಾಡು ಹೇಳುತ್ತಾ ನಡೆಯುತ್ತಿದ್ದಾಳೆ.

ಅವಳ ಹೆಸರು ಮೇರಿ ಸ್ಲೆಸರ್. ಸ್ಕಾಟ್ಲೆಂಡಿನವಳು. ವಯಸ್ಸು 39. ಮದುವೆ ಆಗಿಲ್ಲ. ಈ ಐವರಲ್ಲಿ ಒಬ್ಬರನ್ನೂ ಅವಳು ಹೆತ್ತಿಲ್ಲ.

ಅವರು ಹೋಗಿ ಸೇರಿದ ಹಳ್ಳಿ ಎಕೆಂಗೆ, ಒಕೊಯೊಂಗ್ ಸೀಮೆಯದು. ಅಲ್ಲಿ ನೋಡಿದರೆ ಊರೆಲ್ಲ ಖಾಲಿ. ಪಕ್ಕದ ಹಳ್ಳಿಯಲ್ಲಿ ಯಾರದೋ ಸಾವು, ಎಲ್ಲರೂ ಅಲ್ಲಿಗೆ ಹೋಗಿದ್ದರು. ಸಾಮಾನು ಹೊರುವವರು ಇನ್ನೂ ನದಿ ದಂಡೆಯಲ್ಲೇ ಕೂತಿದ್ದಾರೆ. ನಮಗೆ ಸುಸ್ತಾಗಿದೆ, ಇವತ್ತು ಬರಲ್ಲ ಅಂದುಬಿಟ್ಟಿದ್ದಾರೆ. ಮಕ್ಕಳನ್ನು ಒಳಗೆ ಕೂರಿಸಿ ಮೇರಿ ಮತ್ತೆ ಆ ಕತ್ತಲೆ ಕಾಡಿಗೆ ಹೊರಟಳು. ಮಲಗಿದ್ದವರನ್ನು ಎಬ್ಬಿಸಿ, ಗದರಿಸಿ, ರಮಿಸಿ, ಹೊರೆ ಹೊರಿಸಿಕೊಂಡೇ ವಾಪಸು ಬಂದಳು.

ಈ ಕಥೆಯನ್ನು ಹೇಳುವವರೆಲ್ಲ ಸಾಮಾನ್ಯವಾಗಿ ಇಲ್ಲಿ ನಿಂತು ಅವಳ ಧೈರ್ಯವನ್ನು ಹೊಗಳುತ್ತಾರೆ. ಹೊಗಳಲಿ, ತಪ್ಪೇನಿಲ್ಲ. ನನ್ನ ಕಣ್ಣು ಮಾತ್ರ ಪೆಟ್ಟಿಗೆ ಹೊತ್ತ ಆ 11 ವರ್ಷದ ಹುಡುಗನ ಮೇಲೆ ನಿಲ್ಲುತ್ತದೆ. ಆ ಮನೆಯ ಮೊದಲ ಹೊರೆ ಹೊತ್ತವನು ಅವನು. ಇವತ್ತು ನಾನು ಹೇಳೋಕೆ ಬಂದಿರೋದು ಇಷ್ಟೇ: ಪರದೇಶಕ್ಕೆ ಹೋಗಿ ಮಕ್ಕಳನ್ನು ಸಾಕಿದವರ ಕಥೆಯಲ್ಲಿ ಮನೆ ಕಟ್ಟಿದವರು ಅಂತ ಯಾರ ಹೆಸರು ಬರುತ್ತೋ ಅವರು ಅರ್ಧ ಮಾತ್ರ ಕಟ್ಟಿರುತ್ತಾರೆ. ಉಳಿದ ಅರ್ಧದ ಕೈಗಳನ್ನು ಹುಡುಕಬೇಕು.

ಮೇರಿ ಹುಟ್ಟಿದ್ದು 1848ರಲ್ಲಿ, ಅಬರ್ಡೀನ್‌ನಲ್ಲಿ. ಅಪ್ಪ ಚಪ್ಪಲಿ ಹೊಲಿಯುವವನು, ವಿಪರೀತ ಕುಡುಕ. ಅಮ್ಮ ನೇಕಾರಳು. ಸಂಸಾರ ಡಂಡಿ ಊರಿಗೆ ಬಂದ ಮೇಲೆ ಹುಡುಗಿ 11ನೇ ವಯಸ್ಸಿಗೇ ಗಿರಣಿ ಸೇರಿದಳು. ಅರ್ಧ ದಿನ ಗಿರಣಿ, ಅರ್ಧ ದಿನ ಸ್ಕೂಲು. 14ಕ್ಕೆ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಪೂರಾ ಕೆಲಸ. ಮಗ್ಗದ ಮೇಲೆ ಪುಸ್ತಕ ಒರಗಿಸಿಟ್ಟುಕೊಂಡು, ಎಳೆ ಕಡಿಯದ ಹೊತ್ತಿನಲ್ಲಿ ಒಂದೊಂದು ಸಾಲು ಓದುತ್ತಿದ್ದಳಂತೆ. ಶನಿವಾರ ರಾತ್ರಿ ಅಪ್ಪ ಕುಡಿದು ಬರುವ ಹೊತ್ತಿಗೆ ಅಮ್ಮ ಮಗಳು ತಮ್ಮ ಹೊಟ್ಟೆ ಕಟ್ಟಿ ಅವನಿಗೆ ಊಟ ಎತ್ತಿಡುತ್ತಿದ್ದರು. ಅವನು ಅದನ್ನು ಒಲೆಯ ಬೆಂಕಿಗೆ ಎಸೆಯುತ್ತಿದ್ದ. ಮಗಳು ರಾತ್ರಿ ಬೀದಿಗೆ ಬೀಳಬೇಕಾಗಿ ಬಂದದ್ದೂ ಉಂಟು. ಬಾಗಿಲ ಹೊರಗೆ ನಿಂತ ಮಗುವಿನ ಸಂಕಟ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅಲ್ವಾ?

ಡೇವಿಡ್ ಲಿವಿಂಗ್‌ಸ್ಟನ್ 1873ರಲ್ಲಿ ಆಫ್ರಿಕಾದಲ್ಲಿ ತೀರಿಕೊಂಡ. ಆ ಸುದ್ದಿ ಬಂದಾಗ ಸ್ಕಾಟ್ಲೆಂಡಿನ ಎಷ್ಟೋ ಬಡ ಮನೆಗಳಲ್ಲಿ ಆಫ್ರಿಕಾದ ಹುಚ್ಚು ಹಿಡಿಯಿತು. ಅವನೂ ಒಂದು ಕಾಲಕ್ಕೆ ಗಿರಣಿ ಹುಡುಗನೇ. ಮೇರಿ ಅರ್ಜಿ ಹಾಕಿದಳು. 1876ರ ಆಗಸ್ಟ್ 5ರಂದು ಹಡಗು ಹತ್ತಿದಳು. ಆ ಹಡಗಿನ ತುಂಬ ಆಫ್ರಿಕಾಗೆ ಹೋಗುವ ಸಾರಾಯಿ ಪೀಪಾಯಿಗಳು. ಇಷ್ಟೊಂದು ಪೀಪಾಯಿ, ಮಿಶನರಿ ಮಾತ್ರ ಒಬ್ಬಳೇ ಅಂತ ಅವಳು ಬೇಸರದಿಂದ ಹೇಳಿದಳು ಅನ್ನುತ್ತಾರೆ. ಸಾರಾಯಿ ತನ್ನ ಮನೆಯನ್ನು ಏನು ಮಾಡಿತು ಅಂತ ಕಂಡವಳಿಗೆ ಆ ಲೆಕ್ಕ ಬೇಗ ಗೊತ್ತಾಗುತ್ತದೆ.

ಇಲ್ಲಿ ಇನ್ನೊಂದು ಮಾತು. ಕಲಾಬಾರ್ ಮಿಶನ್ ಸ್ಕಾಟ್ಲೆಂಡಿನಿಂದ ನೆಟ್ಟಗೆ ಬಂದದ್ದಲ್ಲ. 1846ರಲ್ಲಿ ಅದು ಬಂದದ್ದು ಜಮೈಕಾದಿಂದ. ಮುಂದಾಳು ಬಿಳಿಯನೇ, ಹೋಪ್ ವಾಡೆಲ್ ಅಂತ. ಆದರೆ ಅವನ ಜೊತೆ ಜಮೈಕಾದ ಕರಿಯರೂ ಬಂದರು. ಆ ದ್ವೀಪದಲ್ಲಿ ಗುಲಾಮಗಿರಿ ಮುಗಿದು ಇನ್ನೂ 10 ವರ್ಷ ಆಗಿರಲಿಲ್ಲ. ಯಾವ ಕರಾವಳಿಯಿಂದ ಜನರನ್ನು ಕಟ್ಟಿ ಸಾಗಿಸಿದ್ದರೋ ಅದೇ ಕರಾವಳಿಗೆ ಅಂಥವರ ಮಕ್ಕಳು ಸ್ವಂತ ಮನಸ್ಸಿನಿಂದ ವಾಪಸು ಬಂದು ಮನೆ ಹೂಡಿದರು. ಇದನ್ನು ಹೇಳದೆ ಮೇರಿಯ ಕಥೆ ಶುರು ಮಾಡಿದರೆ ತಳಪಾಯ ಬಿಟ್ಟು ಗೋಡೆ ಕಟ್ಟಿದ ಹಾಗೆ.

ಈಗ ಅವಳಿ ಮಕ್ಕಳ ವಿಷಯ. ಎಫಿಕ್, ಒಕೊಯೊಂಗ್, ಇಬಿಬಿಯೊ ಜನರಲ್ಲಿ ಆಗ ಅವಳಿ ಹುಟ್ಟಿದರೆ ಭಯ. ಇಬ್ಬರಲ್ಲಿ ಒಂದು ಮಗುವಿನ ಅಪ್ಪ ದೆವ್ವ ಅಂತ ನಂಬಿಕೆ. ಯಾವುದು ಅಂತ ಗೊತ್ತಾಗಲ್ಲವಲ್ಲ, ಹಾಗಾಗಿ ಎರಡನ್ನೂ ಮಡಕೆಗೆ ಹಾಕಿ ಕಾಡಿನಲ್ಲಿ ಬಿಡುತ್ತಿದ್ದರು. ತಾಯಿಯನ್ನು ಊರಿನಿಂದ ಓಡಿಸುತ್ತಿದ್ದರು. ಇದನ್ನು ಕೇಳಿ "ಆಫ್ರಿಕಾದವರು ಹೀಗೆ" ಅಂತ ತಲೆ ಆಡಿಸಬೇಡಿ. ಅದೇ ನೈಜೀರಿಯಾದ ಪಶ್ಚಿಮಕ್ಕೆ ಹೋದರೆ ಯೊರುಬಾ ಜನ ಅವಳಿಗಳನ್ನು ತಲೆ ಮೇಲೆ ಹೊತ್ತು ಮೆರೆಸುತ್ತಾರೆ. ಸತ್ತ ಅವಳಿ ಮಗುವಿಗೆ ಮರದ ಗೊಂಬೆ ಕೆತ್ತಿ ಊಟ ಉಣಿಸಿ ಸಾಕುವ ರೂಢಿಯೂ ಇತ್ತು. ಜಗತ್ತಿನಲ್ಲೇ ಅವಳಿಗಳು ಅತಿ ಜಾಸ್ತಿ ಹುಟ್ಟುವ ಸೀಮೆಗಳಲ್ಲಿ ಅದೂ ಒಂದು. ಭಯ, ಪೂಜೆ ಎರಡೂ ಒಂದೇ ಅಚ್ಚರಿಗೆ ಹುಟ್ಟಿದ ಅವಳಿಗಳು ಅಂತ ನನಗೆ ಅನ್ನಿಸುತ್ತದೆ.

ಮೇರಿ ಮೊದಮೊದಲು ಎತ್ತಿಕೊಂಡು ಬಂದವರಲ್ಲಿ ಜೇನಿ ಒಬ್ಬಳು. ತನ್ನ ಸ್ವಂತ ತಂಗಿಯ ಹೆಸರನ್ನೇ ಅವಳಿಗೆ ಇಟ್ಟಳು. ಜೇನಿಯ ಜೊತೆ ಹುಟ್ಟಿದ ಗಂಡುಮಗು ಉಳಿಯಲಿಲ್ಲ. 1883ರಲ್ಲಿ ಜ್ವರದಿಂದ ಸೊರಗಿ ರಜೆಗೆ ಊರಿಗೆ ಹೊರಟಾಗ, ಈ ಹೆಣ್ಣುಕೂಸನ್ನು ಹಿಂದೆ ಬಿಟ್ಟರೆ ಇದೂ ಉಳಿಯಲ್ಲ ಅನ್ನಿಸಿತು. ಜೊತೆಗೇ ಕರೆದುಕೊಂಡು ಹೋದಳು.

ಇದನ್ನು ದತ್ತು ಅನ್ನಬಹುದು. ಆದರೆ ಕಾಗದಪತ್ರ ಏನೂ ಇಲ್ಲ. ಆಗ ಸ್ಕಾಟ್ಲೆಂಡಿನಲ್ಲೇ ದತ್ತಿಗೆ ಕಾನೂನು ಇರಲಿಲ್ಲ. ಅದು ಬಂದದ್ದು 1930ರಲ್ಲಿ, ಮೇರಿ ಸತ್ತು 15 ವರ್ಷದ ಮೇಲೆ. ಎತ್ತಿಕೊಂಡರೆ ಮಗಳು, ಅಷ್ಟೇ.

1886ರ ಹೊತ್ತಿಗೆ ಅಮ್ಮನೂ ಹೋದಳು, ತಂಗಿಯೂ ಹೋದಳು. ಸ್ಕಾಟ್ಲೆಂಡಿನಲ್ಲಿ ಅವಳಿಗಾಗಿ ಕಾಯುವವರು ಯಾರೂ ಉಳಿಯಲಿಲ್ಲ. ಒಳನಾಡಿಗೆ ಹೋದರೆ ಚಿಂತೆ ಮಾಡುವ ಅಮ್ಮ ಇಲ್ಲ. ಎರಡು ವರ್ಷಕ್ಕೆ ಆ ಮಳೆಯ ನಡಿಗೆ.

ಮನೆಗೆ ಬರೋಣ. ಮೊದಲು ಸಿಕ್ಕಿದ್ದು ಎಕೆಂಗೆಯ ಮುಖಂಡ ಎಡೆಮ್‌ನ ಅಂಗಳದಲ್ಲಿ ಒಂದು ಮಣ್ಣಿನ ಕೋಣೆ. ಸುತ್ತ ಅವನ ಹೆಂಡಂದಿರು, ಆಳುಗಳು, ಆಡು, ಕೋಳಿ, ಇಲಿ. ಆಮೇಲೆ ಬೇರೆ ಜಾಗ ಸಿಕ್ಕಿತು. ಊರವರೇ ಸೇರಿ ಕಟ್ಟಿದರು. ಗಂಡಸರು ಕಂಬ ನೆಟ್ಟರು, ಅಡ್ಡಕಡ್ಡಿ ಕಟ್ಟಿದರು. ಹೆಂಗಸರು, ಮಕ್ಕಳು ಕೆಂಪು ಮಣ್ಣು ತುಳಿದು ಮೆತ್ತಿದರು. ಮೇಲೆ ತಾಳೆಗರಿಯ ಚಾಪೆ. ಒಳಗೆ ಒಲೆ ಮಣ್ಣಿನದು, ಕೂರುವ ಸೋಫಾ ಮಣ್ಣಿನದು, ತಟ್ಟೆ ಲೋಟ ಜೋಡಿಸುವ ಗೂಡೂ ಮಣ್ಣಿನದು. ಎಲ್ಲವನ್ನೂ ತಿಕ್ಕಿ ತಿಕ್ಕಿ ಹೊಳೆಯುವ ಹಾಗೆ ಮಾಡಿದ್ದಳು. ಗಿರಣಿ ಹುಡುಗಿಗೆ ಮೈ ಬಗ್ಗಿಸೋಕೆ ನಾಚಿಕೆ ಇರಲಿಲ್ಲ. ಹ್ಯಾಟು ಇಲ್ಲ, ಕಾಲಿಗೆ ಬೂಟು ಇಲ್ಲ, ನೀಳ ಕೂದಲು ಕತ್ತರಿಸಿ ಹಾಕಿದ್ದಳು. ಅವಳನ್ನು ನೋಡಿ ಮಿಕ್ಕ ಬಿಳಿಯರು ಮುಖ ಸಿಂಡರಿಸುತ್ತಿದ್ದರು.

ಬಾಗಿಲು, ಕಿಟಕಿ ಮಾತ್ರ ಅವಳ ಕೈಯಲ್ಲಿ ಆಗಲಿಲ್ಲ. ಬಡಗಿ ಬೇಕು ಅಂತ ಬರೆದಳು. 1889ರಲ್ಲಿ ಸ್ಕಾಟ್ಲೆಂಡಿನಿಂದ ಚಾರ್ಲ್ಸ್ ಓವೆನ್ಸ್ ಬಂದ. ಅವನು ಕೆಲಸಕ್ಕೆ ಕೂತಿದ್ದಾಗಲೇ ಕಾಡಿನಿಂದ ಕೂಗು ಕೇಳಿಸಿತು. ಎಡೆಮ್‌ನ ಹಿರಿಮಗ ಎಟಿಮ್ ಮದುವೆಗೆ ಅಂತ ತನ್ನ ಮನೆ ಕಟ್ಟುತ್ತಿದ್ದ. ಮರದ ದಿಮ್ಮಿ ಜಾರಿ ಅವನ ಕತ್ತಿಗೆ ಬಿತ್ತು. ಎರಡು ವಾರ ನರಳಿ ಸತ್ತ. ಯಾರೋ ಮಾಟ ಮಾಡಿದ್ದಾರೆ ಅಂತ ಒಂದು ಡಜನ್ ಜನರನ್ನು ಹಿಡಿದು ತಂದರು. ಎಸೆರೆ ಅನ್ನುವ ವಿಷದ ಕಾಳನ್ನು ತಿನ್ನಿಸೋದು. ಸತ್ತರೆ ತಪ್ಪಿತಸ್ಥ, ವಾಂತಿ ಮಾಡಿ ಬದುಕಿದರೆ ನಿರಪರಾಧಿ. ಈ ಕಾಳಿನಿಂದ ಆಮೇಲೆ ಔಷಧವನ್ನೂ ತೆಗೆದರು. ಫೈಸೊಸ್ಟಿಗ್ಮಿನ್ ಅಂತ. ಕಣ್ಣಿನ ಗ್ಲಾಕೋಮಾಗೆ ಬಹಳ ಕಾಲ ಅದನ್ನೇ ಬಳಸಿದರು.

ಮೇರಿ ಮತ್ತು ಓವೆನ್ಸ್ ಸರದಿ ಹಾಕಿಕೊಂಡು ಹಗಲು ರಾತ್ರಿ ಕೈದಿಗಳ ಪಕ್ಕದಲ್ಲಿ ಕೂತರು. ಬೇಡಿದಳು, ಜಗಳ ಆಡಿದಳು, ಹೆಣಕ್ಕೆ ರೇಷ್ಮೆ ಸುತ್ತಿ ಅಲಂಕಾರ ಮಾಡಿ ಮರ್ಯಾದೆ ತೋರಿಸಿದಳು. ಕೊನೆಗೆ ಒಬ್ಬೊಬ್ಬರನ್ನೇ ಬಿಟ್ಟರು. ಒಕೊಯೊಂಗ್‌ನಲ್ಲಿ ಮುಖಂಡನ ಮನೆಯ ಹೆಣದ ಜೊತೆ ಯಾರನ್ನೂ ಕೊಲ್ಲದೆ ಮಣ್ಣು ಮಾಡಿದ್ದು ಅದೇ ಮೊದಲು ಅನ್ನುತ್ತಾರೆ. ಒಂದು ಹಸು ಮಾತ್ರ ಹೋಯಿತು.

ಇಷ್ಟೆಲ್ಲ ಮೇರಿಯೊಬ್ಬಳೇ ಮಾಡಿದಳಾ? ಇಲ್ಲಿ ಮಾ ಎಮೆಯನ್ನು ಕರೆಯಲೇಬೇಕು. ಎಡೆಮ್‌ನ ಅಕ್ಕತಂಗಿಯರಲ್ಲಿ ಒಬ್ಬಳು, ವಿಧವೆ, ಭಾರಿ ಆಳು. ಊರಲ್ಲಿ ಎಲ್ಲಾದರೂ ಕೊಲೆಗೋ ವಿಷಕ್ಕೋ ತಯಾರಿ ನಡೆದರೆ ಮೊದಲು ಗೊತ್ತಾಗುತ್ತಿದ್ದುದು ಅವಳಿಗೆ. ಬಾಯಿ ಬಿಟ್ಟು ಹೇಳಿದರೆ ತನ್ನವರಿಗೇ ದ್ರೋಹ. ಅದಕ್ಕೊಂದು ಉಪಾಯ ಮಾಡಿದಳು. ಒಬ್ಬ ಆಳಿನ ಕೈಯಲ್ಲಿ ಔಷಧಿ ಸೀಸೆ ಕೊಟ್ಟು "ಇದನ್ನು ತುಂಬಿಸಿಕೊಂಡು ಬಾ" ಅಂತ ಮೇರಿ ಹತ್ತಿರ ಕಳಿಸೋಳು. ಸೀಸೆ ಬಂತು ಅಂದರೆ ಗಂಡಾಂತರ ಬಂತು, ಎದ್ದು ಸಿದ್ಧವಾಗು ಅಂತ ಅರ್ಥ. ಆಳಿಗೂ ಗೊತ್ತಿಲ್ಲ, ಊರಿಗೂ ಗೊತ್ತಿಲ್ಲ. ನಡುರಾತ್ರಿ ಮೇರಿ ಕಾಡು ದಾಟಿ ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ಹೇಗೆ ಪ್ರತ್ಯಕ್ಷ ಆಗುತ್ತಿದ್ದಳು ಅಂತ ಬೆರಗಾಗುವವರು ಆ ಸೀಸೆಯನ್ನು ನೆನಪಿಟ್ಟುಕೊಳ್ಳಬೇಕು. ಮಾ ಎಮೆ ಕೊನೆಯವರೆಗೂ ಕ್ರೈಸ್ತಳಾಗಲಿಲ್ಲ. ತನ್ನ ನಂಬಿಕೆ ತನಗೆ ಇಟ್ಟುಕೊಂಡೇ ಗೆಳತಿಯಾಗಿದ್ದಳು.

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅಂತೀವಲ್ಲ. ಮೇರಿ ಮೊದಲನೆಯದನ್ನು ಮತ್ತೆ ಮತ್ತೆ ಮಾಡಿದಳು. ಎರಡನೆಯದು ಬಾಗಿಲವರೆಗೆ ಬಂದು ಹೋಯಿತು. ಹುಡುಗ ಚಾರ್ಲ್ಸ್ ಮಾರಿಸನ್, ಕಲಾಬಾರ್‌ನಲ್ಲಿ ಮೇಷ್ಟ್ರು. ಅವಳಿಗಿಂತ 18 ವರ್ಷ ಚಿಕ್ಕವನು. ನಿಶ್ಚಿತಾರ್ಥ ಆಯಿತು. ಮೇರಿಯದು ಒಂದೇ ಷರತ್ತು: ಅವನು ಒಕೊಯೊಂಗ್‌ಗೆ ಬರಬೇಕು. ಮಿಶನ್ ಮಂಡಳಿ ಒಪ್ಪಲಿಲ್ಲ, ಅವನ ಆರೋಗ್ಯವೂ ಒಪ್ಪಲಿಲ್ಲ. ಇವಳು ಮಕ್ಕಳನ್ನು ಬಿಟ್ಟು ಕದಲಲಿಲ್ಲ. ಅಲ್ಲಿಗೆ ಮುಗಿಯಿತು. ಅತ್ತು ಕರೆದ ಪುರಾವೆ ಜಾಸ್ತಿ ಇಲ್ಲ. ಆ ಮನೆಯಲ್ಲಿ ಅಳೋಕೆ ಪುರುಸೊತ್ತಾದರೂ ಎಲ್ಲಿತ್ತು?

ಯಾಕಂದರೆ ಕೂಸುಗಳು ಬರ್ತಾನೇ ಇದ್ದವು. ಹಾಲಿನ ಡಬ್ಬಗಳು ಬಂದ ಮರದ ಪೆಟ್ಟಿಗೆಯೇ ತೊಟ್ಟಿಲು. ಹಾಸಿಗೆ ಸುತ್ತ ಜೋಲಿಗಳನ್ನು ತೂಗುಹಾಕಿ, ಅವುಗಳ ಹಗ್ಗ ತನ್ನ ಕೈಗೆ ಸಿಗುವ ಹಾಗೆ ಇಟ್ಟುಕೊಂಡಿರುತ್ತಿದ್ದಳು. ರಾತ್ರಿ ಯಾವುದು ಅತ್ತರೂ ಮಲಗಿದಲ್ಲಿಂದಲೇ ಒಂದು ಎಳೆತ. ಎಲ್ಲವೂ ಬದುಕಲಿಲ್ಲ. ಕಾಡಿನಲ್ಲಿ ಇರುವೆ ಮುತ್ತಿದ ಕೂಸುಗಳು ಬಂದು ಒಂದೆರಡು ದಿನಕ್ಕೆ ಹೋಗಿಬಿಡುತ್ತಿದ್ದವು. ಸೂಸಿ ಅಂತ ಒಬ್ಬಳಿದ್ದಳು, ಅವಳಿಯೇ. ಚೆನ್ನಾಗಿ ಬೆಳೆದು ಮನೆಯವರೆಲ್ಲರ ಮುದ್ದಾಗಿದ್ದ ಹೊತ್ತಿಗೆ ಕುದಿಯುವ ನೀರಿನ ಜಗ್ಗನ್ನು ಮೈಮೇಲೆ ಎಳೆದುಕೊಂಡಳು. ಉಳಿಸಿಕೊಳ್ಳೋಕೆ ಆಗಲಿಲ್ಲ. ಎಷ್ಟೋ ಸಾವು ಕಂಡ ಮೇರಿ ಸೂಸಿಯ ಸಾವಿಗೆ ಕುಸಿದುಹೋದಳು.

ಆ ಹೊತ್ತಿಗೆ ಮನೆ ನಡೆಸುತ್ತಿದ್ದವಳು ಜೇನಿ. ಇದನ್ನು ಒತ್ತಿ ಹೇಳುತ್ತೇನೆ. ಮೇರಿ ಒಂದು ಜಗಳ ಬಿಡಿಸೋಕೆ ಹೋದರೆ ವಾಪಸು ಬರುವುದು ಎರಡು ದಿನ ಆಗಬಹುದು. ಮುಖಂಡರು ಗಂಟೆಗಟ್ಟಲೆ ವಾದ ಮಾಡುವಾಗ ಅವಳು ನಡುವೆ ಕೂತು ಹೆಣಿಗೆ ಹಾಕುತ್ತಿದ್ದಳು. 1892ರಲ್ಲಿ ಬ್ರಿಟಿಷ್ ಸರ್ಕಾರ ಅವಳನ್ನೇ ಒಕೊಯೊಂಗ್‌ನ ವೈಸ್ ಕಾನ್ಸಲ್ ಮಾಡಿ ನ್ಯಾಯ ತೀರಿಸೋಕೆ ಕೂರಿಸಿತು. ಅಷ್ಟು ಹೊತ್ತೂ ಒಲೆ ಹಚ್ಚಿ, ಹಾಲು ಕಲಸಿ, ಕೂಸುಗಳ ಬಟ್ಟೆ ಒಗೆದು, ಜ್ವರ ಬಂದ ಮೇರಿಯ ಹಣೆಗೆ ಬಟ್ಟೆ ಹಾಕಿದವಳು, ತಾನೇ ಇನ್ನೂ ಹುಡುಗಿಯಾಗಿದ್ದ ಜೇನಿ. ಇದು ಸುಲಭವಾದ ವಿಷಯ ಅಲ್ಲ. ಕಾಪಾಡಿದವಳಿಗೆ ಋಣ ತೀರಿಸುತ್ತಾ ಬಾಲ್ಯ ಕಳೆಯುವುದು ಸರಿಯೇ ಅಂತ ಕೇಳಬಹುದು. ಮನೆಯ ಹಿರಿಮಗಳಾಗಿ ಹುಟ್ಟಿದ ಯಾರಾದರೂ ಇಲ್ಲಿದ್ದರೆ ಅವರಿಗೆ ಉತ್ತರ ಗೊತ್ತು. ನಾನು ಬಾಯಿ ಹಾಕಲ್ಲ.

1898ರಲ್ಲಿ ಮೇರಿ ನಾಲ್ಕು ಹುಡುಗಿಯರನ್ನು ಕರೆದುಕೊಂಡು ಸ್ಕಾಟ್ಲೆಂಡಿಗೆ ಹೋದಳು. ಜೇನಿಗೆ 16. ಜೊತೆಗೆ ಪುಟ್ಟ ಮೇರಿ, ಆಲಿಸ್, ಮ್ಯಾಗಿ. ಆಗ ತೆಗೆದ ಫೋಟೊ ಈಗ ಪರದೆ ಮೇಲೆ ಇದೆ, ನೋಡಿ. ಪರದೇಶ ಅನ್ನುವ ಮಾತು ಇಲ್ಲಿ ಉಲ್ಟಾ ಆಗಿದೆ. ಮಕ್ಕಳಿಗೆ ಆ ಚಳಿ, ಆ ಮಂಜು, ಚರ್ಚಿನಲ್ಲಿ ತಿರುಗಿ ನೋಡುವ ಆ ಕಣ್ಣುಗಳು ಪರದೇಶ. ಅಮ್ಮನಿಗೂ ಹಾಗೇ ಆಗಿತ್ತು. ಕಾಡಿನಲ್ಲಿ ಕತ್ತಿ ಹಿಡಿದವರ ನಡುವೆ ನುಗ್ಗುವವಳು, ಸ್ಕಾಟ್ಲೆಂಡಿನ ಸಭೆಗಳಲ್ಲಿ ಗಂಡಸರು ಮುಂದೆ ಕೂತರೆ ಬಾಯೇ ಬಾರದೆ ನಿಂತುಬಿಡುತ್ತಿದ್ದಳು. ವರ್ಷದ ಕೊನೆಗೆ ಐದೂ ಜನ ಮನೆಗೆ ಹೊರಟರು. ಯಾವುದು ಮನೆ ಅಂತ ಅವರು ಚರ್ಚೆ ಮಾಡಿರಲಾರರು.

ಎಕೆಂಗೆಯ ಮನೆ ಏನಾಯಿತು ಅಂತ ಹೇಳಬೇಕು. ಮೇರಿ ಆ ಹೊತ್ತಿಗೆ ಅಕ್ಪಾಪ್‌ಗೆ ಬಿಡಾರ ಬದಲಿಸಿದ್ದಳು. ಸೀಮೆಗೆ ಸಿಡುಬು ಬಂತು. ಹಳೇ ಮನೆಯನ್ನು ಆಸ್ಪತ್ರೆ ಮಾಡಿದಳು. ಎಡೆಮ್‌ಗೂ ಸಿಡುಬು. ಒಂದು ರಾತ್ರಿ ಅವಳ ಕೈಯಲ್ಲೇ ಸತ್ತ. ಹೆಣ ಹೊರಲು ಯಾರೂ ಉಳಿದಿರಲಿಲ್ಲ. ತಾನೇ ಹಲಗೆ ಬಡಿದು ಪೆಟ್ಟಿಗೆ ಮಾಡಿ, ತಾನೇ ಗುಂಡಿ ತೋಡಿ, ಎಳೆದು ತಂದು ಮಣ್ಣು ಮಾಡಿದಳು. ಮೊದಲ ದಿನ ಜಾಗ ಕೊಟ್ಟವನು ಅವನೇ. ಆಮೇಲೆ ಓವೆನ್ಸ್ ಆ ಕಡೆ ಬಂದಾಗ, ತಾನೇ ಬಾಗಿಲು ಕೂರಿಸಿದ ಆ ಮನೆಯೊಳಗೆ ಬರೀ ಹೆಣಗಳು.

ಹೊಗಳಿಕೆ ಜಾಸ್ತಿ ಆಯಿತು, ಇನ್ನೊಂದು ಮಗ್ಗುಲನ್ನೂ ನೋಡೋಣ. 1901-02ರಲ್ಲಿ ಬ್ರಿಟಿಷ್ ಸೈನ್ಯ ಆ ಕಡೆಯ ಒಳನಾಡಿನ ಅರೊ ಜನರ ಮೇಲೆ ದಂಡೆತ್ತಿ ಹೋಯಿತು. ಮೇರಿ ಇಟು, ಇಕೊಟ್ ಒಬೊಂಗ್ ಕಡೆಗೆ ಹೊಸ ಮನೆಗಳನ್ನು ಹೂಡಿದ್ದು ಆ ದಂಡಿನ ನಂತರ. ಕೋವಿ ತೆರೆದ ದಾರಿಯಲ್ಲೇ ತೊಟ್ಟಿಲೂ ಹೋಯಿತು. ಅವಳು ಕೋವಿ ಹಿಡಿಯಲಿಲ್ಲ, ಆದರೆ ಸರ್ಕಾರದ ಕುರ್ಚಿಯಲ್ಲಿ ಕೂತಳು. ಆ ಕುರ್ಚಿಯಲ್ಲಿ ಕೂತು ಹೆಂಗಸರ ಪರ ತೀರ್ಪು ಕೊಟ್ಟಳು ಅನ್ನುವುದೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳದೆ ಈ ಕಥೆ ಪೂರ್ತಿ ಆಗಲ್ಲ.

ಕೊನೆಯ ಮನೆ ಉಸೆ ಅನ್ನುವ ಹಳ್ಳಿಯಲ್ಲಿ. ಅಲ್ಲಿ ಹೆಂಗಸರಿಗಾಗಿಯೇ ಒಂದು ನೆಲೆ ಆಗಬೇಕು ಅಂತ ಅವಳ ಆಸೆ. ಗಂಡನ ಮನೆಯಿಂದ ಹೊರಬಿದ್ದವರು, ಅವಳಿ ಹೆತ್ತವರು ಅಲ್ಲಿ ಬೇಸಾಯ ಮಾಡಿ ಬದುಕಬೇಕು ಅಂತ. ತಾನು ಸತ್ತ ಮೇಲೆ ಈ ಹುಡುಗಿಯರ ಗತಿ ಏನು ಅನ್ನುವ ಚಿಂತೆ ಅದರ ಹಿಂದೆ ಇತ್ತು. 1915ರ ಜನವರಿ 13ರ ಬೆಳಗಿನ ಜಾವ ಅಲ್ಲೇ ಹೋದಳು. ಜೇನಿ, ಆ್ಯನಿ, ಮ್ಯಾಗಿ, ಆಲಿಸ್, ವೈಟಿ ಸುತ್ತ ಇದ್ದರು. ದೇವರೇ ನನ್ನನ್ನು ಬಿಡು ಅಂತ ಅವಳು ಕೊನೆಗೆ ಬೇಡಿದ್ದು ಸ್ಕಾಟ್ಲೆಂಡಿನ ನುಡಿಯಲ್ಲಲ್ಲ, ಎಫಿಕ್‌ನಲ್ಲಿ. ಹೆಣವನ್ನು ನದಿ ದಾರಿಯಲ್ಲಿ ಕಲಾಬಾರ್‌ನ ಡ್ಯೂಕ್ ಟೌನ್‌ಗೆ ತಂದು ಮಣ್ಣು ಮಾಡಿದರು. ಅಲ್ಲಿ ಅಳುತ್ತಿದ್ದ ಹೆಂಗಸರನ್ನು ಅಳಬೇಡಿ ಅಂತ ಸಮಾಧಾನ ಮಾಡಿದವಳು ಒಬ್ಬ ಮುದುಕಿ, ಮ್ಯಾಮಿ ಫುಲ್ಲರ್. ಜಮೈಕಾದಿಂದ ಬಂದವಳು.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: ಹದಿನೈದು ವರ್ಷಕ್ಕೆ ಎಷ್ಟು ಜನರನ್ನು ಮತಕ್ಕೆ ಸೇರಿಸಿದಳು? ಒಕೊಯೊಂಗ್‌ನಲ್ಲಿ ಮೊದಲ ಪ್ರಭುಭೋಜನ, ಅಂದರೆ ಮತಕ್ಕೆ ಸೇರಿದವರು ಒಟ್ಟಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ವಿಧಿ, ನಡೆದದ್ದು 1903ರಲ್ಲಿ, ಅಂದರೆ ಸರಿಯಾಗಿ 15 ವರ್ಷಕ್ಕೆ. ಸೇರಿದವರು ಬೆರಳೆಣಿಕೆ. ಅವರಲ್ಲೂ ಅವಳ ಮನೆಯವರೇ ಜಾಸ್ತಿ.

ಇನ್ನೊಬ್ಬರ ಪ್ರಶ್ನೆ: ಇವತ್ತು ಹೀಗೆ ಮಾಡಲು ಬಿಡುತ್ತಾರಾ? ಬಿಡಲ್ಲ, ಬಿಡಲೂ ಬಾರದು. 1993ರ ಹೇಗ್ ಒಪ್ಪಂದ ಹೇಳುವುದು ಇದು: ಮಗುವನ್ನು ಮೊದಲು ಹೆತ್ತವರ ಹತ್ತಿರ ಉಳಿಸಲು ನೋಡಿ, ಆಗದಿದ್ದರೆ ಅದೇ ದೇಶದಲ್ಲಿ ಮನೆ ಹುಡುಕಿ, ಅದೂ ಆಗದಿದ್ದರೆ ಮಾತ್ರ ಹೊರದೇಶ. ಅನಾಥಾಲಯಗಳಲ್ಲಿ ಇರುವ ಎಷ್ಟೋ ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿರುತ್ತಾರೆ. ಒಕೊಯೊಂಗ್‌ನಲ್ಲೂ ತಾಯಂದಿರು ಬದುಕಿಯೇ ಇದ್ದರು. ಊರು ಅವರನ್ನು ಓಡಿಸಿತ್ತು. ಮೇರಿ ಕೂಸಿನ ಜೊತೆ ತಾಯಿಗೂ ಅಂಗಳದಲ್ಲಿ ಜಾಗ ಕೊಡುತ್ತಿದ್ದಳು. ಇವತ್ತಿನವರು ಅವಳಿಂದ ಏನಾದರೂ ಎತ್ತಿಕೊಳ್ಳುವುದಿದ್ದರೆ ಜೋಲಿಯ ಹಗ್ಗವನ್ನಲ್ಲ, ಈ ಅಂಗಳವನ್ನು.

ಕೊನೆಗೆ ಮುಂದಿನ ಸಾಲಿನಿಂದ ಒಬ್ಬ ಚಿಕ್ಕ ಹುಡುಗಿ ಎದ್ದಳು. ಕಲಾಬಾರ್‌ನಲ್ಲಿ ಮೇರಿಯ ಪ್ರತಿಮೆ ಇದೆ, ಎರಡು ಅವಳಿ ಕೂಸುಗಳನ್ನು ಎತ್ತಿಕೊಂಡಿದ್ದಾಳೆ. ಅದರ ಫೋಟೊವನ್ನೂ ತೋರಿಸಿದ್ದೆ. ಆ ಪಾಪುಗಳ ಹೆಸರೇನು ಅಂತ ಕೇಳಿದಳು.

ಒಂದನ್ನು ಜೇನಿ ಅಂದುಕೋ, ಎಂದೆ.

ಇನ್ನೊಂದು?

ಅದು ಜೇನಿಯ ಜೊತೆ ಹುಟ್ಟಿದವನು. ಅವನಿಗೆ ಹೆಸರು ಇಡುವಷ್ಟು ಹೊತ್ತು ಸಿಗಲಿಲ್ಲ.